ಎಂಟು ತಿಂಗಳ ಕೂಸಿನೊಂದಿಗೆ ಏಳು ರಾತ್ರಿಯ ಕ್ರೂಸ್

ಪ್ರಶ್ನೆ: ಅತ್ತೆ-ಮಾವನವರೂ ಸೇರಿ ಮನೆಮಂದಿಯೆಲ್ಲ ಏಳು ರಾತ್ರಿಯ ಕ್ರೂಸ್‌ಗೆ ಹೊರಡುವ ಯೋಚನೆಯಲ್ಲಿದ್ದೇವೆ. ಹೊರಡುವ ಹೊತ್ತಿಗೆ ಮಗಳಿಗೆ ಎಂಟು ತಿಂಗಳು ತುಂಬಿರುತ್ತದೆ. ಎದೆಹಾಲಿನ ಜೊತೆ ಪುಡಿಹಾಲನ್ನೂ ಕೊಡುತ್ತೇವೆ, ಮೆತ್ತಗಿನ ಊಟ ಈಗಷ್ಟೇ ಶುರುವಾಗಿದೆ. ಇಷ್ಟು ಚಿಕ್ಕ ಮಗುವನ್ನು ಹಡಗಿಗೆ ಕರೆದೊಯ್ಯಬಹುದೆ? ಎಂಥ ಕ್ಯಾಬಿನ್ ತೆಗೆದುಕೊಳ್ಳಬೇಕು? ಏನೇನು ಒಯ್ಯಬೇಕು? ಈಜುಕೊಳಕ್ಕೆ ಇಳಿಸಬಹುದೆ?

ಉತ್ತರ: ಧಾರಾಳವಾಗಿ ಕರೆದೊಯ್ಯಬಹುದು. ಎಂಟು ತಿಂಗಳು ಈ ಪ್ರಯಾಣಕ್ಕೆ ಒಳ್ಳೆಯ ವಯಸ್ಸೇ. ಮಗು ಇನ್ನೂ ಕೈತಪ್ಪಿಸಿಕೊಂಡು ಓಡುವುದಿಲ್ಲ, ಹಗಲಲ್ಲೂ ಎರಡು ಸಲ ಮಲಗುತ್ತದೆ, ಹಡಗಿನ ತೂಗಾಟ ದೊಡ್ಡವರನ್ನು ಕಾಡುವಷ್ಟು ಅದನ್ನು ಕಾಡುವುದಿಲ್ಲ. ಆದರೆ ಹಡಗು ಬಂದರು ಬಿಟ್ಟಿತೆಂದರೆ ಮರೆತದ್ದನ್ನು ತರಲು ಔಷಧದಂಗಡಿ ಇಲ್ಲ, ಜ್ವರ ಬಂದರೆ ನೋಡಲು ಮಕ್ಕಳ ತಜ್ಞರಿಲ್ಲ. ಈ ಎರಡು ಕೊರತೆಗಳನ್ನು ಎದುರಿಗಿಟ್ಟುಕೊಂಡು ಮಾರ್ಗ, ಕ್ಯಾಬಿನ್, ಚೀಲ ಈ ಮೂರನ್ನೂ ನಿರ್ಧರಿಸಿ. ಉಳಿದದ್ದೆಲ್ಲ ಹಡಗಿನ ಸಿಬ್ಬಂದಿಯ ನೆರವಿನಿಂದ ನಡೆದುಹೋಗುತ್ತದೆ.

ಮೊದಲು ವಯಸ್ಸಿನ ನಿಯಮ. ಮಕ್ಕಳನ್ನು ಹತ್ತಿಸಿಕೊಳ್ಳುವ ದೊಡ್ಡ ಕ್ರೂಸ್ ಕಂಪನಿಗಳಲ್ಲಿ ಹೆಚ್ಚಿನವು, ಹಡಗು ಹತ್ತುವ ದಿನಕ್ಕೆ ಮಗುವಿಗೆ 6 ತಿಂಗಳು ತುಂಬಿರಬೇಕು ಎನ್ನುತ್ತವೆ. ಮಹಾಸಾಗರ ದಾಟುವ ಯಾನಗಳಿಗೆ ಮತ್ತು ಸತತ ಮೂರು ದಿನ ಅಥವಾ ಅದಕ್ಕೂ ಹೆಚ್ಚು ಕಾಲ ಬಂದರು ಮುಟ್ಟದ ಯಾನಗಳಿಗೆ ಈ ಮಿತಿ 12 ತಿಂಗಳಿಗೆ ಏರುತ್ತದೆ. ಟಿಕೆಟ್ ಕಾದಿರಿಸಿದ ದಿನದ ವಯಸ್ಸು ಲೆಕ್ಕಕ್ಕಿಲ್ಲ, ಹತ್ತುವ ದಿನದ್ದೇ ಲೆಕ್ಕ. ಈ ನಿಯಮದ ಹಿಂದೆ ಗಟ್ಟಿ ಕಾರಣವಿದೆ. ಹಡಗಿನ ಆಸ್ಪತ್ರೆ ತುರ್ತು ಚಿಕಿತ್ಸೆಗೆ ಸಜ್ಜಾಗಿರುತ್ತದೆಯೇ ಹೊರತು ಶಿಶುಗಳ ತೀವ್ರ ನಿಗಾ ಘಟಕವಾಗಿರುವುದಿಲ್ಲ. ಪರಿಸ್ಥಿತಿ ಕೈಮೀರಿದರೆ ಮಗುವನ್ನು ದಡಕ್ಕೆ ಸಾಗಿಸಬೇಕು, ಹೆಲಿಕಾಪ್ಟರ್ ತಲುಪುವ ದೂರಕ್ಕೂ ಮಿತಿಯಿದೆ. ಆದ್ದರಿಂದ ನಿಮ್ಮ ಮಗುವಿಗೆ ಅನುಮತಿ ಇದ್ದರೂ, ಏಳು ರಾತ್ರಿಗಳಲ್ಲಿ ನಾಲ್ಕೈದು ಬಂದರುಗಳಿರುವ, ಎರಡು ದಿನಕ್ಕಿಂತ ಹೆಚ್ಚು ಸತತ ಸಮುದ್ರವಾಸವಿಲ್ಲದ ಮಾರ್ಗವನ್ನೇ ಆರಿಸಿ. ವೈಕಿಂಗ್, ವರ್ಜಿನ್ ವಾಯೇಜಸ್‌ನಂಥ ಕೆಲವು ಕಂಪನಿಗಳು 18 ವರ್ಷದೊಳಗಿನವರನ್ನು ಹತ್ತಿಸಿಕೊಳ್ಳುವುದೇ ಇಲ್ಲ ಎಂಬುದೂ ಗೊತ್ತಿರಲಿ.

ಕಾದಿರಿಸುವಾಗ ಹಲವರು ಎಡವುವುದು ತಲೆಲೆಕ್ಕದಲ್ಲಿ. ಮಡಿಲಲ್ಲೇ ಇರುವ ಕೂಸಲ್ಲವೆ ಎಂದು ಅದನ್ನು ಬಿಟ್ಟು ಕ್ಯಾಬಿನ್ ಹಿಡಿಯುತ್ತಾರೆ. ಹಡಗಿನಲ್ಲಿ ಮಗುವೂ ಒಬ್ಬ ಪೂರ್ಣ ಪ್ರಯಾಣಿಕನೇ, ಏಕೆಂದರೆ ಲೈಫ್‌ಬೋಟ್‌ನಲ್ಲಿ ಅದಕ್ಕೂ ಒಂದು ಜಾಗ ಬೇಕು. ಇಬ್ಬರ ಕ್ಯಾಬಿನ್‌ನಲ್ಲಿ ತೊಟ್ಟಿಲು ಹಿಡಿಸುವಷ್ಟು ಜಾಗ ಕಂಡರೂ ಮೂರನೆಯವರಾಗಿ ಮಗುವನ್ನು ಸೇರಿಸಲು ಬಿಡುವುದಿಲ್ಲ. ಕ್ಯಾಬಿನ್ ಮೂವರದ್ದಾಗಿದ್ದರೂ, ಆ ಭಾಗದ ಲೈಫ್‌ಬೋಟ್ ಸಂಖ್ಯೆ ಭರ್ತಿಯಾಗಿದ್ದರೆ ಕಂಪನಿ ಇಲ್ಲ ಎನ್ನುತ್ತದೆ. ಮಗುವಿನ ಪಾಸ್‌ಪೋರ್ಟ್ ಮೊದಲೇ ಮಾಡಿಸಿ, ಪ್ರತಿ ಬಂದರಿನ ದೇಶಕ್ಕೂ ಅದರ ಹೆಸರಿನಲ್ಲೇ ವೀಸಾ ಬೇಕೇ ಎಂದು ನೋಡಿ. ತಂದೆ ತಾಯಿಯರಲ್ಲಿ ಒಬ್ಬರೇ ಹೊರಟಿದ್ದರೆ ಇನ್ನೊಬ್ಬರ ಒಪ್ಪಿಗೆ ಪತ್ರ ಜೊತೆಯಲ್ಲಿರಲಿ.

ಕ್ಯಾಬಿನ್ ಮತ್ತು ನಿದ್ದೆ

ಹಡಗಿನ ಉದ್ದಕ್ಕೆ ನಡುಭಾಗ, ಎತ್ತರದಲ್ಲಿ ಕೆಳಗಿನ ಅಥವಾ ನಡುವಿನ ಡೆಕ್. ತೂಗಾಟ ಅತಿ ಕಡಿಮೆ ಇರುವುದು ಅಲ್ಲಿ. ಮುಂಭಾಗದ ಕೆಳಡೆಕ್ಕಿನ ಕ್ಯಾಬಿನ್‌ಗಳಲ್ಲಿ ಬೆಳಗಿನ ಜಾವ ಹಡಗು ಬಂದರಿಗೆ ಹೊಂದಿಕೊಳ್ಳುವಾಗ ಹಡಗನ್ನು ಪಕ್ಕಕ್ಕೆ ಸರಿಸುವ ಥ್ರಸ್ಟರ್ ಯಂತ್ರಗಳ ನಡುಕವೂ ಲಂಗರಿನ ಸರಪಳಿಯ ಗಡಗಡ ಸದ್ದೂ ಕೇಳುತ್ತವೆ, ಮಗು ಐದು ಗಂಟೆಗೇ ಎದ್ದು ಕೂರುತ್ತದೆ. ಡೆಕ್ ನಕ್ಷೆ ತೆರೆದು ನಿಮ್ಮ ಕ್ಯಾಬಿನ್‌ನ ಮೇಲೆ, ಕೆಳಗೆ ಏನಿದೆ ನೋಡಿ. ಎರಡೂ ಕಡೆ ಬರಿಯ ಕ್ಯಾಬಿನ್‌ಗಳಿದ್ದರೆ ಉತ್ತಮ. ಮೇಲೆ ಈಜುಕೊಳದ ಡೆಕ್ ಇದ್ದರೆ ಮುಂಜಾನೆ ಕುರ್ಚಿ ಎಳೆಯುವ ಸದ್ದು, ಕೆಳಗೆ ರಂಗಮಂದಿರವಿದ್ದರೆ ರಾತ್ರಿ ಹನ್ನೊಂದರವರೆಗೂ ಸಂಗೀತದ ದಬದಬ.

ಕಿಟಕಿಯಿಲ್ಲದ ಒಳ ಕ್ಯಾಬಿನ್ ಕತ್ತಲಾಗಿರುವುದರಿಂದ ಮಗು ಚೆನ್ನಾಗಿ ಮಲಗುತ್ತದೆ. ಆದರೆ ಸಂಜೆ ಏಳೂವರೆಗೆ ಮಗು ಮಲಗಿದ ಮೇಲೆ ನೀವಿಬ್ಬರೂ ಅದೇ ಕತ್ತಲಲ್ಲಿ ಉಸಿರು ಬಿಗಿಹಿಡಿದು ಕೂರಬೇಕು. ಖರ್ಚು ಹೊಂದುವುದಾದರೆ ಬಾಲ್ಕನಿ ಕ್ಯಾಬಿನ್ ತೆಗೆದುಕೊಳ್ಳಿ ಎಂಬುದೇ ನಮ್ಮ ಸಲಹೆ. ಒಳಗೆ ಪರದೆ ಎಳೆದು, ಹೊರಗೆ ಕುಳಿತು ಮಾತಾಡಬಹುದು. ಪರದೆಯ ಸಂದು ಮುಚ್ಚಲು ನಾಲ್ಕು ಬಟ್ಟೆ ಕ್ಲಿಪ್ ಸಾಕು. ಬಾಲ್ಕನಿಯ ಕುರ್ಚಿ, ಟೀಪಾಯಿಗಳನ್ನು ಕಟಕಟೆಯ ಬಳಿ ಇಡಬೇಡಿ. ಒಳಗೆ ಬಂದ ಪ್ರತಿ ಸಲವೂ ಬಾಗಿಲಿನ ಚಿಲಕ ಹಾಕಿ. ಅತ್ತೆ-ಮಾವನವರಿಗೆ ಪಕ್ಕದ, ನಡುವೆ ಬಾಗಿಲಿರುವ ಕ್ಯಾಬಿನ್ ಸಿಕ್ಕರೆ ಅದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ: ಸಂಜೆ ಒಬ್ಬರು ಆ ಬಾಗಿಲು ತೆರೆದಿಟ್ಟುಕೊಂಡು ಕೂತರೆ ಉಳಿದವರು ಊಟಕ್ಕೆ ಹೋಗಿಬರಬಹುದು. ಬೇಬಿ ಮಾನಿಟರ್ ನಂಬಿ ಮಗುವನ್ನು ಒಂಟಿಯಾಗಿ ಬಿಟ್ಟು ಹೋಗುವುದು ಮಾತ್ರ ಬೇಡವೇ ಬೇಡ. ಕ್ಯಾಬಿನ್ ಗೋಡೆಗಳು ಉಕ್ಕಿನವು, ಸಿಗ್ನಲ್ ಹತ್ತು ಹೆಜ್ಜೆಗೇ ಕಡಿದುಹೋಗಬಹುದು. ತುರ್ತು ಗಂಟೆ ಮೊಳಗಿದರೆ ನೀವು ಒಂದು ಕಡೆ, ಮಗು ಇನ್ನೊಂದು ಕಡೆ.

ಮಡಿಚುವ ತೊಟ್ಟಿಲನ್ನು ಹೆಚ್ಚಿನ ಹಡಗುಗಳು ಬೇರೆ ಶುಲ್ಕವಿಲ್ಲದೆ ಕೊಡುತ್ತವೆ. ಸಂಖ್ಯೆ ಸೀಮಿತವಾದ್ದರಿಂದ ಟಿಕೆಟ್ ಮಾಡಿದ ದಿನವೇ ಬರೆದು ಕೇಳಿ, ಹೊರಡುವ ಎರಡು ವಾರ ಮುಂಚೆ ಮತ್ತೆ ಖಚಿತಪಡಿಸಿಕೊಳ್ಳಿ. ಅದರ ಹಾಸಿಗೆ ತೆಳ್ಳಗಿದೆ, ಗಟ್ಟಿಯಿದೆ ಎಂದು ಮೇಲೊಂದು ರಜಾಯಿ ಹಾಸಬೇಡಿ. ಮಗುವಿಗೆ ಗಟ್ಟಿ, ಸಪಾಟು ಹಾಸಿಗೆಯೇ ಕ್ಷೇಮ. ಅಂಗಾತ ಮಲಗಿಸಿ, ದಿಂಬು, ಸಡಿಲ ಹೊದಿಕೆ ಬೇಡ. ಎಸಿ ತಂಪೆನಿಸಿದರೆ ಮೈಗೆ ತೊಡಿಸುವ ನಿದ್ದೆಚೀಲ ಒಯ್ಯಿರಿ. ದೊಡ್ಡವರ ಹಾಸಿಗೆಯಲ್ಲಿ ಜೊತೆಗೆ ಮಲಗಿಸಿಕೊಳ್ಳುವ ರೂಢಿ ಇದ್ದರೂ ಹಡಗಿನಲ್ಲಿ ಅದನ್ನು ಬಿಡಿ. ಇಲ್ಲಿನ ಡಬಲ್ ಹಾಸಿಗೆ ಬಹಳ ಕಡೆ ಎರಡು ಒಂಟಿ ಮಂಚಗಳನ್ನು ಜೋಡಿಸಿದ್ದು, ತೂಗಾಟಕ್ಕೆ ನಡುವೆ ಸಂದು ಬಿಡುತ್ತದೆ. ಮಗುವಿನ ಮುಖ ಅದರಲ್ಲಿ ಸಿಕ್ಕಿಕೊಳ್ಳುವ ಅಪಾಯ ನಿಜವಾದದ್ದು. ಹಡಗಿನ ಗಡಿಯಾರವನ್ನು ರಾತ್ರಿ ಒಂದು ಗಂಟೆ ಹಿಂದೆ ಮುಂದೆ ಮಾಡುವುದುಂಟು. ಒಂದೇ ಗಂಟೆಯ ವ್ಯತ್ಯಾಸವಾದರೆ ಮಗುವಿನ ವೇಳೆಯನ್ನು ಬದಲಿಸಲು ಹೋಗದೆ ಮನೆಯ ಗಡಿಯಾರದಂತೆಯೇ ನಡೆಸಿ.

ಎಂಟು ತಿಂಗಳ ಮಗು ಅಂಬೆಗಾಲಿಡಬಹುದು, ಹಿಡಿದು ನಿಲ್ಲಲು ನೋಡಬಹುದು. ಕ್ಯಾಬಿನ್ ತಲುಪಿದ ಕೂಡಲೇ ನೀವೇ ಮಂಡಿಯೂರಿ ಮಗುವಿನ ಎತ್ತರದಿಂದ ಒಮ್ಮೆ ಸುತ್ತ ನೋಡಿ. ಒಂದು ಸುರುಳಿ ಮಾಸ್ಕಿಂಗ್ ಟೇಪ್ ಇದ್ದರೆ ಪ್ಲಗ್ ತೂತು, ಡ್ರಾಯರ್, ಮೇಜಿನ ಚೂಪು ಮೂಲೆ ಎಲ್ಲವನ್ನೂ ಮುಚ್ಚಬಹುದು, ಕಿತ್ತಾಗ ಕಲೆಯೂ ಉಳಿಯದು. ಬಚ್ಚಲ ಬಾಗಿಲು, ಬಾಲ್ಕನಿ ಬಾಗಿಲು ಎರಡೂ ಭಾರ. ಹಡಗು ವಾಲಿದಾಗ ಅಥವಾ ಗಾಳಿ ಬೀಸಿದಾಗ ಧಡಾರನೆ ಮುಚ್ಚಿಕೊಳ್ಳುತ್ತವೆ. ಬೆರಳು ಜಜ್ಜಿಹೋಗುವುದು ಹೀಗೆಯೇ. ಸಾಮಾನ್ಯ ಕ್ಯಾಬಿನ್‌ನಲ್ಲಿ ಷವರ್ ಮಾತ್ರ ಇರುತ್ತದೆ, ಟಬ್ ಇರುವುದಿಲ್ಲ. ಗಾಳಿ ತುಂಬುವ ಚಿಕ್ಕ ಟಬ್ ಒಯ್ದರೆ ಸ್ನಾನ ಸುಲಭ.

ಹಾಲು, ಊಟ

ಹೆಚ್ಚಿನ ತೊಂದರೆ ಎದುರಾಗುವುದು ಇಲ್ಲಿ. ಬಿಸಿಯಾಗುವ ಸುರುಳಿಯಿರುವ ಕೆಟಲ್, ಬಾಟಲಿ ವಾರ್ಮರ್, ವಿದ್ಯುತ್ ಸ್ಟೆರಿಲೈಸರ್‌ಗಳನ್ನು ಬೆಂಕಿಯ ಭಯಕ್ಕೆ ಬಹುತೇಕ ಹಡಗುಗಳು ಒಳಗೆ ಬಿಡುವುದಿಲ್ಲ. ತಪಾಸಣೆಯಲ್ಲಿ ತೆಗೆದಿಟ್ಟು ಇಳಿಯುವಾಗ ಕೊಡುತ್ತಾರೆ. ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬೋರ್ಡ್‌ಗೂ ಇದೇ ಗತಿ, ಏಕೆಂದರೆ ಹಡಗಿನ ವಿದ್ಯುತ್ ವ್ಯವಸ್ಥೆಯ ಅರ್ಥಿಂಗ್ ದಡದಂತಲ್ಲ. ಕ್ಯಾಬಿನ್‌ನಲ್ಲಿ ಮೈಕ್ರೋವೇವ್ ಕೂಡ ಇರುವುದಿಲ್ಲ. ಹಾಗಾಗಿ ಒಂದು ಲೀಟರಿನ ಒಳ್ಳೆಯ ಥರ್ಮಾಸ್ ಫ್ಲಾಸ್ಕ್, ಬಾಟಲಿ ಉಜ್ಜುವ ಬ್ರಷ್, ಪಾತ್ರೆ ತೊಳೆಯುವ ಸೋಪು ಚಿಕ್ಕ ಬಾಟಲಿಯಲ್ಲಿ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿ, ತಣ್ಣೀರಲ್ಲಿ ಕರಗಿಸಿ ಬಾಟಲಿ ಶುದ್ಧಿ ಮಾಡುವ ಮಾತ್ರೆ ಇವಿಷ್ಟನ್ನು ಒಯ್ಯಿರಿ. ಬಾಟಲಿಗಳನ್ನು ಕೈತೊಳೆಯುವ ಬೇಸಿನ್‌ನಲ್ಲಿ ನೇರವಾಗಿ ತೊಳೆಯದೆ ಆ ಡಬ್ಬಿಯಲ್ಲೇ ತೊಳೆಯಿರಿ. ಬೇಸಿನ್‌ನಲ್ಲಿ ಎಲ್ಲರ ಕೈಯ ರೋಗಾಣುಗಳಿರುತ್ತವೆ.

ಹಡಗಿನ ನೀರು ಸಮುದ್ರದ ನೀರನ್ನು ಸಿಹಿ ಮಾಡಿ ಕ್ಲೋರಿನ್ ಬೆರೆಸಿದ್ದು ಅಥವಾ ಬಂದರಿನಲ್ಲಿ ತುಂಬಿಸಿಕೊಂಡದ್ದು, ಕುಡಿಯಲು ಯೋಗ್ಯ. ಆದರೆ ಪುಡಿಹಾಲಿನ ವಿಷಯದಲ್ಲಿ ಎಚ್ಚರ ಬೇಕಾದ್ದು ನೀರಿಗಿಂತ ಹೆಚ್ಚಾಗಿ ಪುಡಿಯ ಬಗ್ಗೆ. ಹಾಲಿನ ಪುಡಿ ರೋಗಾಣುಮುಕ್ತವಲ್ಲ. ಅಪರೂಪಕ್ಕೆ ಕ್ರೋನೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಅದರಲ್ಲಿರಬಹುದು. ಅದನ್ನು ಕೊಲ್ಲಲು ಬೆರೆಸುವ ನೀರು ಕನಿಷ್ಠ 70 ಡಿಗ್ರಿ ಸೆಲ್ಸಿಯಸ್ ಬಿಸಿ ಇರಬೇಕು. ಕ್ಯಾಬಿನ್ ಸಿಬ್ಬಂದಿಯನ್ನೋ ರೂಂ ಸರ್ವಿಸ್ ಅನ್ನೋ ಕೇಳಿ ಆಗಷ್ಟೇ ಕುದಿದ ನೀರನ್ನು ಫ್ಲಾಸ್ಕಿಗೆ ತುಂಬಿಸಿಕೊಳ್ಳಿ. ಮೊದಲು ಬಾಟಲಿಗೆ ಅಳತೆಯ ಬಿಸಿನೀರು, ಆಮೇಲೆ ಅಳತೆಯ ಪುಡಿ, ಅಲುಗಿಸಿ, ಹೊರಗಿನಿಂದ ತಣ್ಣೀರು ಬಿಟ್ಟು ಆರಿಸಿ, ಮಣಿಕಟ್ಟಿನ ಮೇಲೆ ಒಂದು ಹನಿ ಹಾಕಿ ನೋಡಿ ಕೊಡಿ. ಬೆರೆಸಿದ ಹಾಲನ್ನು 2 ಗಂಟೆಯೊಳಗೆ ಬಳಸಬೇಕು. ಮಗು ಬಾಯಿಟ್ಟ ಮೇಲೆ 1 ಗಂಟೆ ಕಳೆದರೆ ಉಳಿದದ್ದನ್ನು ಚೆಲ್ಲಬೇಕು. ಮೊದಲೇ ಬೆರೆಸಿ ತರುವ ಸಿದ್ಧ ದ್ರವ ಹಾಲು ಸಿಗುವುದಾದರೆ ಬಂದರಿಗೆ ಇಳಿಯುವ ದಿನಗಳಿಗೆ ಅದೇ ಸಲೀಸು. ಪುಡಿಯನ್ನು ವಾರದ ಲೆಕ್ಕದ ಒಂದೂವರೆ ಪಟ್ಟು ಒಯ್ಯಿರಿ. ಸಮುದ್ರ ಕೆಟ್ಟು ಹಡಗು ಒಂದು ದಿನ ತಡವಾಗುವುದು, ಹೊಸ ಜಾಗದಲ್ಲಿ ಮಗು ಊಟ ಬಿಟ್ಟು ಹಾಲನ್ನೇ ಕೇಳುವುದು ಎರಡೂ ಸಾಮಾನ್ಯ.

ಹಿಂಡಿದ ಎದೆಹಾಲು ಕೋಣೆಯ ಉಷ್ಣತೆಯಲ್ಲಿ (25 ಡಿಗ್ರಿಯೊಳಗೆ) 4 ಗಂಟೆ, 4 ಡಿಗ್ರಿಯ ಫ್ರಿಜ್‌ನಲ್ಲಿ 4 ದಿನ ಚೆನ್ನಾಗಿರುತ್ತದೆ. ಕ್ಯಾಬಿನ್‌ನ ಪುಟ್ಟ ಫ್ರಿಜ್ ಆ ನಾಲ್ಕು ಡಿಗ್ರಿಗೆ ಇಳಿಯುತ್ತದೆ ಎಂದು ನಂಬಿಕೊಳ್ಳಬೇಡಿ. ಎಷ್ಟೋ ಹಡಗುಗಳಲ್ಲಿ ಅದು ಪಾನೀಯ ತಂಪಾಗಿಡುವ ಪೆಟ್ಟಿಗೆ ಅಷ್ಟೆ. ಒಂದು ಚಿಕ್ಕ ಫ್ರಿಜ್ ಥರ್ಮಾಮೀಟರ್ ಒಯ್ದು ಮೊದಲ ರಾತ್ರಿ ಒಳಗಿಟ್ಟು ನೋಡಿ. ಸಾಲದೆಂದರೆ ಔಷಧ ಇಡುವಂಥ ಫ್ರಿಜ್ ಕೇಳಿ, ಇಲ್ಲವೆ ಐಸ್‌ಪ್ಯಾಕ್ ಹಾಕಿದ ಉಷ್ಣನಿರೋಧಕ ಚೀಲ ಬಳಸಿ; ಅದರಲ್ಲಿ 24 ಗಂಟೆ ಇಡಬಹುದು.

ಊಟಕ್ಕೆ ಮನೆಯಲ್ಲಿ ಮಾಡಿದ ಪದಾರ್ಥ ಒಯ್ಯಲು ಹೆಚ್ಚಿನ ಕಡೆ ಬಿಡುವುದಿಲ್ಲ, ಸೀಲ್ ಮಾಡಿದ ಶಿಶು ಆಹಾರಕ್ಕೆ ಅಡ್ಡಿಯಿಲ್ಲ. ಊಟದ ಹಾಲ್‌ನ ಬಡಿಸುವವರಿಗೆ ಮೊದಲ ರಾತ್ರಿಯೇ ಹೇಳಿದರೆ ಉಪ್ಪಿಲ್ಲದೆ ಬೇಯಿಸಿದ ತರಕಾರಿಯನ್ನು ನುಣ್ಣಗೆ ಅರೆದು ದಿನವೂ ತಂದುಕೊಡುತ್ತಾರೆ. ಬಫೆಯಲ್ಲಿ ಬಹಳ ಹೊತ್ತಿನಿಂದ ಉಗುರುಬೆಚ್ಚಗೆ ಇರುವ ಪದಾರ್ಥಕ್ಕಿಂತ ಅದು ಎಷ್ಟೋ ಮೇಲು. ಒಂದು ವರ್ಷ ತುಂಬುವವರೆಗೆ ಜೇನುತುಪ್ಪ ಯಾವ ರೂಪದಲ್ಲೂ ಬೇಡ. ಶೇಂಗಾ, ಮೊಟ್ಟೆ, ಮೀನಿನಂಥ ಅಲರ್ಜಿ ತರಬಹುದಾದ ಆಹಾರವನ್ನು ಮೊತ್ತಮೊದಲ ಬಾರಿಗೆ ರುಚಿ ತೋರಿಸುವ ಜಾಗ ನಡುಗಡಲಲ್ಲ. ಅದನ್ನು ಮನೆಯಲ್ಲೇ ಮಾಡಿ ಮುಗಿಸಿರಿ, ಇಲ್ಲವೆ ಹಿಂದಿರುಗಿದ ಮೇಲೆ ಮಾಡಿ. ಊಟದ ಎರಡು ಸರದಿಗಳಲ್ಲಿ ಸಂಜೆ ಆರರ ಆಸುಪಾಸಿನದನ್ನು ಆರಿಸಿ, ಬಾಗಿಲ ಬಳಿಯ ಮೇಜು ಕೇಳಿ. ಎಂಟರ ಸರದಿಯಲ್ಲಿ ಅಳುವ ಮಗುವನ್ನೆತ್ತಿ ಓಡಾಡುವುದೇ ಊಟವಾಗಿಬಿಡುತ್ತದೆ.

ಡೈಪರ್ ಮತ್ತು ಈಜುಕೊಳ

ಡೈಪರ್ ದಿನಕ್ಕೆ ಎಂಟರಂತೆ ಎಂಟು ದಿನಕ್ಕೆ 64. ಭೇದಿಯಾದರೆಂದು ಇನ್ನೊಂದು 20 ಸೇರಿಸಿ. ಹಡಗಿನ ಅಂಗಡಿಯಲ್ಲಿ ಸಿಕ್ಕರೂ ನಿಮ್ಮ ಅಳತೆಯದು ಸಿಗುವ ಭರವಸೆಯಿಲ್ಲ. ಹೋಗುವಾಗ ಡೈಪರ್ ತುಂಬಿದ ಜಾಗ ಬರುವಾಗ ಖಾಲಿಯಾಗುವುದರಿಂದ ಹೊರೆಯ ಚಿಂತೆ ಬೇಡ. ಡೈಪರ್ ಇರಲಿ, ಒದ್ದೆ ಒರೆಸುಬಟ್ಟೆಯನ್ನೂ ಕಮೋಡ್‌ಗೆ ಹಾಕಬೇಡಿ, ಪ್ಯಾಕೆಟ್ ಮೇಲೆ ಹಾಕಬಹುದೆಂದು ಬರೆದಿದ್ದರೂ. ಹಡಗಿನ ಶೌಚವ್ಯವಸ್ಥೆ ನಿರ್ವಾತದಿಂದ ಎಳೆದುಕೊಳ್ಳುವ ಸಣ್ಣ ಕೊಳವೆಗಳದ್ದು. ಒಂದು ಬಟ್ಟೆ ಸಿಕ್ಕಿಕೊಂಡರೆ ಅಕ್ಕಪಕ್ಕದ ಕ್ಯಾಬಿನ್‌ಗಳ ಕಮೋಡ್‌ಗಳೂ ನಿಂತುಬಿಡುತ್ತವೆ. ವಾಸನೆ ಕಟ್ಟುವ ಚಿಕ್ಕ ಚೀಲಗಳಲ್ಲಿ ಗಂಟುಹಾಕಿ ಕಸದಬುಟ್ಟಿಗೆ ಹಾಕಿ. ಹೆಚ್ಚುವರಿ ಬುಟ್ಟಿ ಕೇಳಿದರೆ ಕೊಡುತ್ತಾರೆ.

ಈಜುಕೊಳದ ಪ್ರಶ್ನೆಗೆ ಉತ್ತರ ನಿಮಗೆ ನಿರಾಸೆ ತರಬಹುದು. ಡೈಪರ್ ಬಿಡದ ಮಕ್ಕಳನ್ನು, ಈಜು ಡೈಪರ್ ತೊಡಿಸಿದ್ದರೂ, ಹಡಗಿನ ಈಜುಕೊಳಕ್ಕಾಗಲಿ ಬಿಸಿನೀರಿನ ತೊಟ್ಟಿಗಾಗಲಿ ಇಳಿಸುವಂತಿಲ್ಲ. ಅಮೆರಿಕದ ಬಂದರುಗಳಿಗೆ ಬರುವ ಹಡಗುಗಳ ಮೇಲೆ ಅಲ್ಲಿನ ರೋಗನಿಯಂತ್ರಣ ಕೇಂದ್ರ ಸಿಡಿಸಿ ವಿಧಿಸಿರುವ ನೈರ್ಮಲ್ಯ ನಿಯಮವಿದು. ಇತರ ಕಡೆಯ ಹಡಗುಗಳಲ್ಲೂ ಇದೇ ಪದ್ಧತಿ ವ್ಯಾಪಕ. ಈಜು ಡೈಪರ್ ಗಟ್ಟಿ ಮಲವನ್ನು ಒಂದಿಷ್ಟು ತಡೆಯುತ್ತದೆಯೇ ಹೊರತು ರೋಗಾಣುಗಳನ್ನಲ್ಲ. ಒಂದು ಮಗುವಿನಿಂದ ಕೊಳವನ್ನೇ ಮುಚ್ಚಬೇಕಾಗುತ್ತದೆ. ಪ್ರತ್ಯೇಕ ಶೋಧನೆಯಿರುವ, ಡೈಪರ್ ಮಕ್ಕಳಿಗೆಂದೇ ಮಾಡಿದ ನೀರಾಟದ ಜಾಗ ಕೆಲವು ಹಡಗುಗಳಲ್ಲಿದೆ. ನೀರಾಟ ನಿಮಗೆ ಮುಖ್ಯವಾದರೆ ಹಡಗು ಆರಿಸುವಾಗಲೇ ಇದನ್ನು ಕೇಳಿ. ಇಲ್ಲದಿದ್ದರೆ ಬಾಲ್ಕನಿಯ ನೆರಳಿನಲ್ಲಿ ಅದೇ ಗಾಳಿ ಟಬ್‌ಗೆ ನಾಲ್ಕು ಬೆರಳು ನೀರು ಹಾಕಿದರೂ ಮಗುವಿಗೆ ಸಂಭ್ರಮವೇ. ಮುಗಿದ ಕೂಡಲೇ ನೀರು ಚೆಲ್ಲಿಬಿಡಿ.

ಡೆಕ್ ಮೇಲೆ ಗಾಳಿ ಬೀಸುತ್ತಿರುವುದರಿಂದ ಬಿಸಿಲಿನ ಕಾವು ಗೊತ್ತಾಗುವುದಿಲ್ಲ, ನೀರಿನಿಂದ ಪುಟಿದ ಬಿಸಿಲು ಬೇರೆ. ಅಗಲ ಅಂಚಿನ ಟೋಪಿ, ತೋಳು ಮುಚ್ಚುವ ತೆಳು ಬಟ್ಟೆ, ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಎರಡು ಗಂಟೆಗೊಮ್ಮೆ. ಸ್ಟ್ರಾಲರ್ ಮೇಲೆ ಬಟ್ಟೆ ಹೊದಿಸಿ ನೆರಳು ಮಾಡಬೇಡಿ. ಒಳಗೆ ಕಾವು ಕೂಡಿ ಮಗು ಬೆಂದುಹೋಗುತ್ತದೆ.

ಆರೋಗ್ಯ

ಹೊರಡುವ ಆರು ವಾರ ಮುಂಚೆಯೇ ನಿಮ್ಮ ಮಕ್ಕಳ ವೈದ್ಯರನ್ನು ಕಾಣಿ. ವಿದೇಶ ಪ್ರಯಾಣ ಮಾಡುವ 6ರಿಂದ 11 ತಿಂಗಳ ಮಕ್ಕಳಿಗೆ ದಡಾರದ ಲಸಿಕೆಯನ್ನು ಮುಂಚಿತವಾಗಿ ಒಂದು ಡೋಸ್ ಕೊಡುವುದುಂಟು, ಅದರ ಬಗ್ಗೆ ಕೇಳಿ. ಜ್ವರದ ಪ್ಯಾರಾಸಿಟಮಾಲ್ ಹನಿಗಳ ಪ್ರಮಾಣವನ್ನು ಮಗುವಿನ ಈಗಿನ ತೂಕಕ್ಕೆ ತಕ್ಕಂತೆ ಮಿಲಿಲೀಟರ್‌ನಲ್ಲೇ ಬರೆಸಿಕೊಳ್ಳಿ. ಥರ್ಮಾಮೀಟರ್, ಓಆರ್‌ಎಸ್ ಪೊಟ್ಟಣ, ಹನಿ ಹಾಕುವ ಸಿರಿಂಜ್, ಮೂಗಿಗೆ ಉಪ್ಪುನೀರಿನ ಹನಿ, ಡೈಪರ್ ಗಂದೆಯ ಮುಲಾಮು ಇವು ಕೈಚೀಲದಲ್ಲಿರಲಿ. ಪ್ರಯಾಣ ವಿಮೆಯಲ್ಲಿ ಮಗುವಿನ ಹೆಸರಿದೆಯೇ, ಸಮುದ್ರದಿಂದ ದಡದ ಆಸ್ಪತ್ರೆಗೆ ಸಾಗಿಸುವ ವೆಚ್ಚ ಸೇರಿದೆಯೇ ನೋಡಿ. ಹಡಗಿನ ವೈದ್ಯರ ಶುಲ್ಕವನ್ನೂ ನೀವೇ ಕೊಡಬೇಕು.

ಎರಡು ವರ್ಷದೊಳಗಿನ ಮಕ್ಕಳಿಗೆ ಕಡಲ ತಲೆಸುತ್ತು ಬರುವುದು ಅಪರೂಪ. ಹಾಗಾಗಿ ಮಗು ವಾಂತಿ ಮಾಡಿದರೆ ಅಲೆಯ ಮೇಲೆ ಹೊರಿಸದೆ ಮೊದಲು ಸೋಂಕನ್ನು ಶಂಕಿಸಿ. ತಲೆಸುತ್ತಿಗೆ ದೊಡ್ಡವರು ನುಂಗುವ ಮಾತ್ರೆಯನ್ನು ಮಗುವಿಗೆ ಚೂರು ಮಾಡಿಯೂ ಕೊಡಕೂಡದು. ಅದರಲ್ಲೂ ಪ್ರೊಮೆಥಜೀನ್ ಎರಡು ವರ್ಷದೊಳಗಿನವರ ಉಸಿರಾಟವನ್ನೇ ಕುಗ್ಗಿಸಬಹುದು. ಆ ಮಾತ್ರೆಗಳು ನಿಮಗೂ ಮಂಪರು ತರುತ್ತವೆ. ಹಾಲೂಡಿಸುವ ತಾಯಿ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು, ಮನೆಯವರಲ್ಲಿ ಒಬ್ಬರಾದರೂ ಮಾತ್ರೆ ನುಂಗದೆ ಎಚ್ಚರವಾಗಿರಬೇಕು.

ಹಡಗುಗಳಲ್ಲಿ ಹಬ್ಬುವ ನೊರೊವೈರಸ್ ವಾಂತಿ-ಭೇದಿಗೆ ಸ್ಯಾನಿಟೈಸರ್ ಅಷ್ಟಾಗಿ ಜಗ್ಗುವುದಿಲ್ಲ. ಸೋಪು ಹಚ್ಚಿ 20 ಸೆಕೆಂಡು ಉಜ್ಜಿ ತೊಳೆಯುವುದೇ ದಾರಿ, ಡೈಪರ್ ಬದಲಿಸಿದಾಗಲೆಲ್ಲ ಮತ್ತು ಊಟಕ್ಕೆ ಮುಂಚೆ, ಮಗುವಿನ ಕೈಯನ್ನೂ. ಎಲ್ಲವನ್ನೂ ಬಾಯಿಗಿಡುವ ವಯಸ್ಸಾದ್ದರಿಂದ ಎತ್ತರ ಕುರ್ಚಿಯ ತಟ್ಟೆ, ಟಿವಿ ರಿಮೋಟ್, ಫೋನ್ ಇವನ್ನು ಮೊದಲು ಒರೆಸಿ. ವಾಂತಿ-ಭೇದಿ ಶುರುವಾದರೆ ಮುಚ್ಚಿಡದೆ ವೈದ್ಯಕೀಯ ಕೇಂದ್ರಕ್ಕೆ ಫೋನ್ ಮಾಡಿ. ಎದೆಹಾಲು ನಿಲ್ಲಿಸಬೇಡಿ. ಓಆರ್‌ಎಸ್ ಅನ್ನು ಎರಡು ಮೂರು ನಿಮಿಷಕ್ಕೊಮ್ಮೆ ಒಂದೊಂದು ಚಮಚ, ಅಂದರೆ 5 ಮಿಲಿಲೀಟರ್‌ನಂತೆ ಕೊಡಿ. ಒಮ್ಮೆಲೇ ಬಾಟಲಿ ಕೊಟ್ಟರೆ ಮತ್ತೆ ಹೊರಗೆ ಬರುತ್ತದೆ. ಆರು ಗಂಟೆ ಡೈಪರ್ ಒದ್ದೆಯಾಗದಿದ್ದರೆ, ಅತ್ತಾಗ ಕಣ್ಣೀರು ಬರದಿದ್ದರೆ, ನೆತ್ತಿ ಗುಳಿಬಿದ್ದರೆ, ಮಗು ಮಂಕಾಗಿದ್ದರೆ ಅದು ಕಾಯುವ ಹೊತ್ತಲ್ಲ.

ಮೊದಲ ದಿನ ಮತ್ತು ಬಂದರುಗಳು

ಬಂದರಿನಲ್ಲಿ ಒಪ್ಪಿಸಿದ ದೊಡ್ಡ ಪೆಟ್ಟಿಗೆಗಳು ಕ್ಯಾಬಿನ್ ತಲುಪುವಾಗ ಸಂಜೆಯಾಗಬಹುದು, ಕ್ಯಾಬಿನ್ ತೆರೆಯುವುದೇ ಮಧ್ಯಾಹ್ನದ ಮೇಲೆ. ಹತ್ತು ಡೈಪರ್, ಒಂದು ದಿನದ ಹಾಲು, ಎರಡು ಜೊತೆ ಬಟ್ಟೆ, ಔಷಧ, ಕಾಗದಪತ್ರ ಕೈಯಲ್ಲೇ ಇರಲಿ. ಸ್ಟ್ರಾಲರ್ ಕೊಡೆಯಂತೆ ಮಡಚುವ ಹಗುರದ್ದಾಗಿರಲಿ. ಕೆಲವು ಹಡಗುಗಳ ಸಾಮಾನ್ಯ ಕ್ಯಾಬಿನ್ ಬಾಗಿಲು ಸುಮಾರು 58 ಸೆಂಟಿಮೀಟರ್ ಅಗಲವಷ್ಟೇ. ಒಳಗೆ ಹೋಗದ ಸ್ಟ್ರಾಲರನ್ನು ಓಣಿಯಲ್ಲಿ ಬಿಡಲು ಅಗ್ನಿ ಸುರಕ್ಷೆಯ ನಿಯಮ ಒಪ್ಪುವುದಿಲ್ಲ.

ಹಡಗು ಹೊರಡುವ ಮುಂಚೆ ನಡೆಯುವ ಮಸ್ಟರ್ ಡ್ರಿಲ್, ಅಂದರೆ ತುರ್ತಿನಲ್ಲಿ ಎಲ್ಲಿ ಸೇರಬೇಕೆಂಬ ತಾಲೀಮು, ಮಗುವಿಗೂ ಕಡ್ಡಾಯ. ಅಲ್ಲಿ ಒಂದು ಕೆಲಸ ಮರೆಯದೆ ಮಾಡಿ: ಶಿಶುವಿನ ಲೈಫ್ ಜಾಕೆಟ್ ಕೇಳಿ ತೆಗೆದುಕೊಂಡು ಒಮ್ಮೆ ತೊಡಿಸಿ ನೋಡಿ. ಅಂತರರಾಷ್ಟ್ರೀಯ ನಿಯಮದಂತೆ 15 ಕಿಲೋಗಿಂತ ಕಡಿಮೆ ತೂಕದವರಿಗೆ ಬೇರೆಯೇ ಜಾಕೆಟ್ ಇದೆ, 24 ಗಂಟೆ ಮೀರಿದ ಯಾನದಲ್ಲಿ ಹಡಗಿನಲ್ಲಿರುವ ಪ್ರತಿ ಶಿಶುವಿಗೂ ಒಂದಿರಬೇಕು. ಕ್ಯಾಬಿನ್ ಕಪಾಟಿನಲ್ಲಿ ಸಾಮಾನ್ಯವಾಗಿ ದೊಡ್ಡವರದ್ದು ಮಾತ್ರ ಇರುತ್ತದೆ. ತುರ್ತು ಸಂಕೇತ ಏಳು ಚಿಕ್ಕ ಮೊಳಗು, ಒಂದು ಉದ್ದ ಮೊಳಗು. ಸದ್ದು ಜೋರು, ಮಗುವಿನ ಕಿವಿಗೆ ಕಿವಿಮುಚ್ಚುಗ ತಯಾರಿರಲಿ. ಮಗುವನ್ನು ಎತ್ತುವುದು ಯಾರು, ಚೀಲ ಹಿಡಿಯುವುದು ಯಾರು ಎಂದು ಅಂದೇ ಮಾತಾಡಿಕೊಳ್ಳಿ.

ನರ್ಸರಿ ಬೇಕಿದ್ದರೆ ಹಡಗು ಆರಿಸುವಾಗಲೇ ನೋಡಿ. ರಾಯಲ್ ಕೆರಿಬಿಯನ್‌ನ ಹಲವು ಹಡಗುಗಳಲ್ಲಿ, ಡಿಸ್ನಿಯ ಹಡಗುಗಳಲ್ಲಿ 6 ತಿಂಗಳಿಂದ 3 ವರ್ಷದವರೆಗಿನವರಿಗೆ ಗಂಟೆ ಲೆಕ್ಕದ ನರ್ಸರಿ ಇದೆ. ಜಾಗ ಬೇಗ ಭರ್ತಿಯಾಗುತ್ತದೆ. ಅಪರಿಚಿತರನ್ನು ಕಂಡರೆ ಅಳುವ ವಯಸ್ಸಿದು, ಮೊದಲ ದಿನ ಒಂದೇ ಗಂಟೆ ಬಿಟ್ಟು ನೋಡಿ.

ಪ್ರತಿ ಬಂದರಿನಲ್ಲೂ ಇಳಿಯಲೇಬೇಕೆಂಬ ಹಟ ಬೇಡ. ಎಲ್ಲರೂ ಇಳಿದುಹೋದ ಹಡಗು ಮಗುವಿಗೆ ಅತ್ಯಂತ ಹಿತವಾದ ಜಾಗ: ಡೆಕ್ ಖಾಲಿ, ಲಿಫ್ಟ್ ಖಾಲಿ. ಇಳಿಯುವುದಾದರೆ ಬೆಳಗಿನ ನಿದ್ದೆ ಮುಗಿಸಿ, ಮೂರು ನಾಲ್ಕು ಗಂಟೆಯಲ್ಲಿ ಮರಳುವಂತೆ ಹೊರಡಿ. ಹಡಗು ದಡಕ್ಕೆ ತಾಗದೆ ಚಿಕ್ಕ ದೋಣಿಯಲ್ಲಿ ಸಾಗಿಸುವ ಬಂದರಾದರೆ ಸ್ಟ್ರಾಲರ್ ಮಡಚಿ, ಮಗುವನ್ನು ಕ್ಯಾರಿಯರ್‌ನಲ್ಲಿ ಎದೆಗೆ ಕಟ್ಟಿಕೊಂಡು ಎರಡೂ ಕೈ ಖಾಲಿ ಇಟ್ಟುಕೊಳ್ಳಿ. ಟ್ಯಾಕ್ಸಿಗಳಲ್ಲಿ ಮಗುವಿನ ಕಾರ್ ಸೀಟ್ ಇರುವುದಿಲ್ಲ. ಸೀಟ್ ಒಯ್ಯದಿದ್ದರೆ ನಡೆದು ಮುಟ್ಟುವ ಜಾಗಗಳಿಗಷ್ಟೇ ಹೋಗಿ. ಹಡಗಿನವರೇ ಏರ್ಪಡಿಸಿದ ಸುತ್ತಾಟ ತಡವಾದರೆ ಹಡಗು ಕಾಯುತ್ತದೆ, ನೀವೇ ಹೋಗಿದ್ದರೆ ಕಾಯುವುದಿಲ್ಲ. ಹಡಗಿನಿಂದ ಹಣ್ಣು ದಡಕ್ಕೆ ಒಯ್ಯಲು ಬಹಳ ದೇಶಗಳಲ್ಲಿ ನಿಷೇಧವಿದೆ. ಮಗುವಿನ ತಿಂಡಿ ಸೀಲ್ ಮಾಡಿದ ಪೊಟ್ಟಣದ್ದೇ ಇರಲಿ.

ಕೊನೆಯ ರಾತ್ರಿ ದೊಡ್ಡ ಪೆಟ್ಟಿಗೆಗಳನ್ನು ಬಾಗಿಲಾಚೆ ಇಡಲು ಹೇಳುತ್ತಾರೆ, ಅವು ಮತ್ತೆ ಸಿಗುವುದು ಮರುದಿನ ದಡದಲ್ಲಿ. ಮೊದಲ ದಿನ ಕೈಯಲ್ಲಿದ್ದ ಚೀಲವನ್ನು ಅದೇ ಸಾಮಾನುಗಳಿಂದ ಅಂದೇ ಸಂಜೆ ಮತ್ತೆ ತುಂಬಿಸಿಡಿ, ಫ್ಲಾಸ್ಕ್ ಮಾತ್ರ ಬೆಳಿಗ್ಗೆ ಬಿಸಿನೀರು ತುಂಬಿಸಿಕೊಳ್ಳಲು ಹೊರಗಿರಲಿ.